ಕರುಳಿನ ಮಾತೆತ್ತಿದ್ದಕ್ಕೆ ಬಂದ ಆಕ್ಷೇಪಗಳು

ಪಾರ್ಕಿನ್‌ಸನ್ ಕಾಯಿಲೆಯ ಚರ್ಚೆಯಲ್ಲಿ ಕರುಳಿನ ಮಾತೆತ್ತಿದರೆ ಎರಡೂ ಕಡೆಯಿಂದ ಏಟು ಬೀಳುತ್ತದೆ. ‘ಇದು ಮಿದುಳಿನ ರೋಗ, ಹೊಟ್ಟೆಯ ಸುದ್ದಿ ಯಾಕೆ?’ ಎನ್ನುವವರು ಒಂದು ಕಡೆ. ‘ಹೊಟ್ಟೆ ಶುದ್ಧಿಯಾದರೆ ನಡುಕವೇ ಹೋಗುತ್ತದೆ’ ಎನ್ನುವವರು ಇನ್ನೊಂದು ಕಡೆ.

ಮೊದಲನೆಯವರ ವಾದ: ರೋಗಿಗಳಿಗೆ ಮಲಬದ್ಧತೆ ಇದ್ದರೇನು, ವಯಸ್ಸಾದ ಮೇಲೆ ಅದು ಯಾರಿಗಿಲ್ಲ? ಸರಿ, ಹಾಗಾದರೆ ಅಮೆರಿಕದ ಹೊನೊಲುಲುವಿನ ಲೆಕ್ಕ ನೋಡಿ. ಅಲ್ಲಿ ಜಪಾನಿ ಮೂಲದ 6,790 ಗಂಡಸರನ್ನು, ಕಾಯಿಲೆ ಇಲ್ಲದಿದ್ದಾಗಲೇ, ‘ದಿನಕ್ಕೆ ಎಷ್ಟು ಸಲ ಹೊರಗಡೆಗೆ ಹೋಗುತ್ತೀರಿ’ ಎಂದು ಕೇಳಿ ಬರೆದಿಟ್ಟುಕೊಂಡರು. ಆಮೇಲೆ 24 ವರ್ಷ ಅವರನ್ನು ಗಮನಿಸಿದರು. ದಿನಕ್ಕೊಮ್ಮೆಯೂ ಹೋಗದವರಲ್ಲಿ ಪಾರ್ಕಿನ್‌ಸನ್ ಅಪಾಯ, ದಿನಾ ಒಮ್ಮೆ ಹೋಗುವವರಿಗಿಂತ 2.7 ಪಟ್ಟು ಹೆಚ್ಚಿತ್ತು. ವಯಸ್ಸು, ಸಿಗರೇಟು, ಕಾಫಿ, ಹಣ್ಣು-ತರಕಾರಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಆ ವ್ಯತ್ಯಾಸ ಉಳಿಯಿತು. (ಮಲಬದ್ಧತೆ ಇರುವವರು ಗಾಬರಿಯಾಗಬೇಕಿಲ್ಲ, ಅಷ್ಟೂ ಜನರಲ್ಲಿ ಕಾಯಿಲೆ ಬಂದದ್ದು 96 ಮಂದಿಗೆ.) ಅಷ್ಟೇಕೆ, 1817ರಲ್ಲಿ ಈ ರೋಗವನ್ನು ವಿವರಿಸಿದ ಜೇಮ್ಸ್ ಪಾರ್ಕಿನ್‌ಸನ್ ಅವರೇ ರೋಗಿಗಳ ಮಂದವಾದ ಕರುಳನ್ನು ಗುರುತಿಸಿದ್ದರು.

‘ಎಲ್ಲ ಇಲಿಗಳ ಮೇಲಿನ ಪ್ರಯೋಗ’ ಎಂಬುದು ಎರಡನೇ ತಕರಾರು. ಅರ್ಧ ನಿಜ. 2019ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಇಲಿಯ ಕರುಳಿಗೆ ಚುಚ್ಚಿದ, ಪಾರ್ಕಿನ್‌ಸನ್ ರೋಗಿಗಳ ಮಿದುಳಿನಲ್ಲಿ ಕಾಣುವ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನಿನ ಗಂಟು ಮಿದುಳು ತಲುಪಿತು. ಕರುಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ತಲುಪಲಿಲ್ಲ. ಹೊಟ್ಟೆಹುಣ್ಣಿಗಾಗಿ ಅದೇ ನರ ಕತ್ತರಿಸಿಕೊಂಡ ಮನುಷ್ಯರ ದಾಖಲೆ ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿದೆ. ಅವು ಇದೇ ದಿಕ್ಕು ತೋರಿಸಿದರೂ ಆ ಲೆಕ್ಕದ ಬಗ್ಗೆ ಜಗಳ ಮುಗಿದಿಲ್ಲ. ಎಲ್ಲರಲ್ಲೂ ರೋಗ ಕರುಳಿನಿಂದಲೇ ಶುರುವಾಗುತ್ತದೆಂದು ನಾನಂತೂ ಹೇಳುವುದಿಲ್ಲ. ಕೆಲವರಲ್ಲಿ ಮಿದುಳಿನಿಂದಲೇ ಎಂದು ಕಾಣುತ್ತದೆ.

ಇನ್ನು ಹೊಟ್ಟೆ ತೊಳೆಯುವವರು. ಇವರಿಂದಲೇ ಹೆಚ್ಚು ಹಾನಿ. ಆರೋಗ್ಯವಂತರ ಮಲದಲ್ಲಿನ ಸೂಕ್ಷ್ಮಜೀವಿಗಳನ್ನು ರೋಗಿಗಳ ಕರುಳಿಗೆ ಸೇರಿಸಿದ ಎರಡು ಪ್ರಯೋಗಗಳ ಫಲಿತಾಂಶ 2024ರಲ್ಲಿ ಬಂತು. ಬೆಲ್ಜಿಯಮ್ಮಿನಲ್ಲಿ ಅಲ್ಪ ಸುಧಾರಣೆ, ಫಿನ್ಲೆಂಡಿನಲ್ಲಿ ಅದೂ ಇಲ್ಲ. ಅಂಥದ್ದೇ ಗುಣಪಡಿಸದಿದ್ದಾಗ ಡಿಟಾಕ್ಸ್ ಪುಡಿ ಗುಣಪಡಿಸೀತೇ? ‘ನಸುಗುನ್ನಿ ಇದೆಯಲ್ಲ’ ಅನ್ನಬೇಡಿ. ಅದರ ಬೀಜದಲ್ಲಿರುವುದೂ ಪಾರ್ಕಿನ್‌ಸನ್ ಮಾತ್ರೆಯಲ್ಲಿರುವ ಲೆವೊಡೋಪಾನೇ. ಮಾತ್ರೆಯ ಜೊತೆಗೆ ಅದನ್ನೂ ತಿಂದರೆ ಎಷ್ಟು ಔಷಧಿ ಒಳಗೆ ಹೋಯಿತೆಂದು ವೈದ್ಯರಿಗೂ ಗೊತ್ತಾಗದು.

ಹಾಗಾದರೆ ಕರುಳಿನ ವಿಚಾರದಿಂದ ರೋಗಿಗೆ ಏನು ಲಾಭ? ಲೆವೊಡೋಪಾ ರಕ್ತಕ್ಕೆ ಸೇರುವುದೇ ಸಣ್ಣಕರುಳಿನಲ್ಲಿ. ಅಲ್ಲಿ ಬೇಳೆ, ಮೊಸರಿನ ಪ್ರೋಟೀನು ಅದಕ್ಕೆ ಪೈಪೋಟಿ ಕೊಡುತ್ತದೆ. ಬೆಳಿಗ್ಗೆ ಇಡ್ಲಿ-ಸಾಂಬಾರಿನ ಜೊತೆಗೇ ಮಾತ್ರೆ ನುಂಗಿ, ಗಂಟೆ ಕಳೆದರೂ ಕುರ್ಚಿಯಿಂದ ಏಳಲಾಗದೆ ಕೂತವರಿಗೆ ‘ಡೋಸ್ ಸಾಲದು’ ಅನ್ನುತ್ತಾರೆ ಮನೆಯವರು. ಎಷ್ಟೋ ಸಲ ತಪ್ಪಿರುವುದು ಹೊತ್ತು. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯ ಮೇಲೆ ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಮಲಬದ್ಧತೆ ಇದ್ದರೆ ನಾಚದೆ ಹೇಳಿ. ಯಾರ ಮಾತು ಕೇಳಿಯೂ ಮಾತ್ರೆ ಮಾತ್ರ ನಿಲ್ಲಿಸಬೇಡಿ.