ಸೂಜಿಯೂ ಸ್ನೇಹವೂ

ಮಣಿಪುರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದ ತರುಣರಲ್ಲಿ ಎಚ್.ಐ.ವಿ. ಸೋಂಕು 1989ರ ಕೊನೆಯಲ್ಲಿ ಗೋಚರಿಸಿ, ಕೆಲವೇ ತಿಂಗಳುಗಳಲ್ಲಿ ಪರೀಕ್ಷಿತರ ಪೈಕಿ ಸುಮಾರು ಅರ್ಧ ಮಂದಿಯಲ್ಲಿ ಕಂಡುಬಂದಿತು. ದುರ್ವ್ಯಸನದ ಫಲವೆಂದು ಹೇಳಿ ಕೈತೊಳೆದುಕೊಳ್ಳುವವರ ಮಾತಿಗೆ ನಾವು ಸಮ್ಮತಿಸಲಾರೆವು. ಪೋಲೀಸರ ಭಯದಿಂದ ಸೂಜಿಯನ್ನು ಜೇಬಿನಲ್ಲಿಟ್ಟುಕೊಳ್ಳಲು ಅಂಜಿದವರು ಗೆಳೆಯರ ಗುಂಪಿಗೆಲ್ಲ ಒಂದನ್ನೇ ಬಳಸಿದರು. ಗುಂಪಿನಿಂದ ಗುಂಪಿಗೆ ಹೋಗಿಬರುವವನೊಬ್ಬನಿದ್ದರೆ ಸಾಕು, ರೋಗವು ಊರೆಲ್ಲ ಹಬ್ಬುವುದು. ಆದರೆ ಅದೇ ದಾರಿಯಲ್ಲಿ ಶುದ್ಧವಾದ ಸೂಜಿಯೂ ತಿಳಿವಳಿಕೆಯೂ ಹೋಗಬಲ್ಲವು. ಅಧಿಕಾರಿಗಳಿಗೆ ಕಿವಿಗೊಡದ ವ್ಯಸನಿಯು ಹಿಂದೆ ತನ್ನೊಡನೆ ಕುಳಿತಿದ್ದವನ ಮಾತನ್ನು ಕೇಳುವನು. ಮಣಿಪುರದ ಸರಕಾರವು 1996ರಲ್ಲಿಯೇ ಇಂತಹ ಕಾರ್ಯವನ್ನು ತನ್ನ ನೀತಿಯಲ್ಲಿ ಅಂಗೀಕರಿಸಿತು. ಸೂಜಿ ಹಂಚುವ ಕಾರ್ಯಕರ್ತನನ್ನೇ ಠಾಣೆಗೆ ಎಳೆದೊಯ್ದರೆ ಆ ದಾರಿಯು ಮುಚ್ಚಿದಂತೆಯೇ ಸರಿ. ಆರೋಗ್ಯ ಖಾತೆಯು ಕೊಟ್ಟುದನ್ನು ಪೋಲೀಸು ಖಾತೆಯು ಕಸಿದುಕೊಳ್ಳಕೂಡದೆಂದು ಪ್ರತಿಯೊಂದು ಸಂಸ್ಥಾನದ ಸರಕಾರವೂ ಲಿಖಿತ ಆಜ್ಞೆಯನ್ನು ಹೊರಡಿಸಬೇಕು.