‘ಬರಿಯ ಸಿದ್ಧಾಂತ’ವೆಂಬ ಮಾತು

“ವಿಕಾಸವಾದವು ಬರಿಯ ಸಿದ್ಧಾಂತ, ಸತ್ಯವಲ್ಲ” ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತಿದೆ. ಪೂರ್ವಪಕ್ಷವನ್ನು ಖಂಡಿಸಿ ನಿಂತ ನಿರ್ಣಯಕ್ಕೇ ಸಿದ್ಧಾಂತವೆಂದು ಹೆಸರಿಟ್ಟ ಪರಂಪರೆ ನಮ್ಮದು. ಅಲ್ಲಿ ‘ಬರಿಯ’ ಎಂಬ ವಿಶೇಷಣಕ್ಕೆ ಅರ್ಥವೆಲ್ಲಿ?

ಸಿದ್ಧಾಂತವು ಬಿಡಿ ಹೇಳಿಕೆಗಳ ರಾಶಿಯಲ್ಲ, ಅದಕ್ಕೊಂದು ರಚನೆಯುಂಟು. ನಡುವೆ ಮೂಲತತ್ತ್ವಗಳ ಗಟ್ಟಿ ತಿರುಳು, ಸುತ್ತಲೂ ಸಹಾಯಕ ಊಹೆಗಳ ರಕ್ಷಾವಲಯ ಎಂದರು ತತ್ತ್ವಜ್ಞ ಇಮ್ರೆ ಲಕಾಟೋಸ್. ಯುರೇನಸ್ ಲೆಕ್ಕ ತಪ್ಪಿ ಚಲಿಸಿದಾಗ ಖಗೋಳಜ್ಞರು ನ್ಯೂಟನ್ನರ ನಿಯಮವನ್ನು ಕೈಬಿಡದೆ, ಕಾಣದ ಇನ್ನೊಂದು ಗ್ರಹವನ್ನು ಊಹಿಸಿದರು. ಲೆವೆರಿಯೆ ಗಣಿಸಿದ ಸ್ಥಾನದಿಂದ ಒಂದು ಡಿಗ್ರಿಯೊಳಗೆ 1846ರಲ್ಲಿ ನೆಪ್ಚೂನ್ ಕಂಡಿತು. ಬುಧನ ಚಲನೆಗೂ ಅದೇ ಉಪಾಯ ಹೂಡಿ ‘ವಲ್ಕನ್’ ಗ್ರಹವನ್ನು ಕಲ್ಪಿಸಿದರು; ಅದು ಸಿಗಲೇ ಇಲ್ಲ. ಶತಮಾನಕ್ಕೆ ಕೋನಮಾನದ 43 ಸೆಕೆಂಡುಗಳಷ್ಟಿದ್ದ ಆ ವ್ಯತ್ಯಾಸವನ್ನು 1915ರಲ್ಲಿ ಐನ್‌ಸ್ಟೈನರು ವಿವರಿಸಿದಾಗ ತಿರುಳೇ ಬದಲಾಯಿತು.

ಒಂದು ಪಳೆಯುಳಿಕೆ ಸಿಗಲಿಲ್ಲವೆಂದು ಡಾರ್ವಿನ್ನರನ್ನು ತಳ್ಳಿಹಾಕುವವರು ಇದನ್ನು ಗಮನಿಸಲಿ. ಬೇರೂರಿದ ಸಿದ್ಧಾಂತವನ್ನು ಕದಲಿಸಲು ಅದಕ್ಕಿಂತ ಹೆಚ್ಚನ್ನು ವಿವರಿಸುವ ಮತ್ತೊಂದು ಬೇಕು.

ತಪ್ಪು ಉಪಾಧ್ಯಾಯರಾದ ನಮ್ಮದೂ ಹೌದು. ನಿಯಮಗಳನ್ನು ಉರುಹೊಡೆಸಿ ಅಂಕ ಕೊಟ್ಟೆವು. ನೆಪ್ಚೂನಿನ ಗೆಲುವನ್ನು ಹೇಳಿ ವಲ್ಕನ್ನಿನ ಸೋಲನ್ನು ಬಿಟ್ಟೆವು. 2023ರ ವೇಳೆಗೆ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠ ಮರೆಯಾದಾಗ ನಮ್ಮಲ್ಲಿ ಹಲವರು ಮೌನವಾಗಿದ್ದೆವು.

ಗಡಿಯಾಚೆ ಕನ್ನಡ ಶಾಲೆಗಳು ಉಳಿಯಲೆಂದು ಹೋರಾಡುವ ನಾವು, ಅಲ್ಲಿ ಮಕ್ಕಳು ಕನ್ನಡದಲ್ಲಿ ಯೋಚಿಸಲು ಕಲಿಯುತ್ತಾರೆಯೇ, ಬರಿದೇ ಒಪ್ಪಿಸಲು ಕಲಿಯುತ್ತಾರೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.