ದಾಬಸ್‌ಪೇಟೆಗೆ ಕೊಟ್ಟ ಸಮಯ ಫ್ರಾಂಕ್‌ಫರ್ಟ್‌ಗೂ ಕೊಡಿ

ದೇವನಹಳ್ಳಿ ನಿಲ್ದಾಣದಿಂದ ನಡುರಾತ್ರಿ ಎರಡಕ್ಕೆ ಹೊರಡುವ ವಿಮಾನಕ್ಕೆ ಗುಬ್ಬಿಯವರು ಸಂಜೆಯೇ ಮನೆ ಬಿಡುತ್ತಾರೆ. ದಾಬಸ್‌ಪೇಟೆಯಲ್ಲಿ ಲಾರಿ ಅಡ್ಡ ನಿಂತಿದ್ದರೆ? ದೊಡ್ಡಬಳ್ಳಾಪುರದ ಹತ್ತಿರ ಟೈರ್ ಕೈಕೊಟ್ಟರೆ? ಕುಣಿಗಲ್‌ನವರಿಗೆ ನೆಲಮಂಗಲದ ಭಯ. ಇಷ್ಟು ಮುಂಜಾಗ್ರತೆಯ ಜನ, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಲು ಒಂದು ಗಂಟೆ ಹತ್ತು ನಿಮಿಷವಷ್ಟೇ ಇರುವ ಟಿಕೆಟ್ ಹಿಡಿದು ನಿಶ್ಚಿಂತೆಯಿಂದ ಹೊರಡುತ್ತಾರೆ. ಟಿಕೆಟ್ ಮಾಡಿಸಿದವನು ಮಗ. ಅವನು ನೋಡಿದ್ದು ದರ ಮತ್ತು ಪ್ರಯಾಣದ ಒಟ್ಟು ಗಂಟೆ.

ಸಮಯ ಸಾಲದಿದ್ದರೆ ಏರ್‌ಲೈನ್ ಮಾರುತ್ತಿತ್ತೇ ಎನ್ನುವುದು ಅವನ ವಾದ. ಮಾರುತ್ತದೆ. ಪ್ರತಿ ನಿಲ್ದಾಣಕ್ಕೂ ಕನಿಷ್ಠ ಸಂಪರ್ಕ ಸಮಯ ಅಂತ ಒಂದಿರುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ ಸಾಮಾನ್ಯವಾಗಿ ಅದು 45 ನಿಮಿಷ. ಮೊಣಕಾಲು ನೋವಿನ ತಾಯಿ ಹಿಂದಿನ ಸೀಟಿನಿಂದ ಎದ್ದು ವಿಮಾನದ ಬಾಗಿಲು ತಲುಪುವುದಕ್ಕೇ ಅದರಲ್ಲಿ ಎಷ್ಟು ಹೋಗುತ್ತದೋ! ಅತ್ತ ಮುಂದಿನ ವಿಮಾನದ ಗೇಟು ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಮುಚ್ಚಿರುತ್ತದೆ.

ಹಾಗಾಗಿ ಟಿಕೆಟ್ ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಪಾಸ್‌ಪೋರ್ಟ್ ತಪಾಸಣೆ ಯಾವ ಊರಿನಲ್ಲಿ ಎಂಬುದು. ಸ್ಟಾಕ್‌ಹೋಮ್‌ಗೋ ಹ್ಯಾಂಬರ್ಗ್‌ಗೋ ಹೋಗುವವರಿಗೆ ಅದು ಫ್ರಾಂಕ್‌ಫರ್ಟ್‌ನಲ್ಲೇ ಆಗುತ್ತದೆ, ಷೆಂಗೆನ್ ವಲಯದೊಳಗೆ ಮೊದಲು ಕಾಲಿಡುವುದು ಅಲ್ಲಿ. 2025ರ ಅಕ್ಟೋಬರ್ 12ರಿಂದ ಯುರೋಪಿನಲ್ಲಿ ಹಂತಹಂತವಾಗಿ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಮುದ್ರೆಯ ಬದಲು ಮುಖದ ಚಿತ್ರ ಮತ್ತು ಬೆರಳಚ್ಚು. ತೆಂಗಿನಕಾಯಿ ಸುಲಿದು, ಅಡಿಕೆ ಆರಿಸಿ ಸವೆದ ಬೆರಳು ನಮ್ಮ ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೇ ಒಮ್ಮೆಗೆ ಸಿಕ್ಕುವುದಿಲ್ಲ. ಅಲ್ಲೂ ಒರೆಸಿ, ಒತ್ತಿ, ಮತ್ತೆ ಒರೆಸಬೇಕಾದೀತು.

ಅಮೆರಿಕದ್ದು ಇನ್ನೊಂದು ಬಗೆ. ಮೊದಲು ಇಳಿದ ಊರಿನಲ್ಲೇ ತಪಾಸಣೆ ಮುಗಿಸಿ, ಬೆಲ್ಟಿನಿಂದ ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಏರ್‌ಲೈನ್‌ಗೆ ಒಪ್ಪಿಸಿ, ಇನ್ನೊಮ್ಮೆ ಭದ್ರತಾ ಸಾಲು. ಚಟ್ನಿಪುಡಿ, ಉಪ್ಪಿನಕಾಯಿ ಇದೆ ಎಂದು ಬರೆದುಕೊಟ್ಟರೆ (ಬರೆದುಕೊಡಲೇಬೇಕು) ಪೆಟ್ಟಿಗೆ ಬಿಚ್ಚಿಸುವ ಸಾಧ್ಯತೆಯೂ ಇದೆ. ಅಬುಧಾಬಿ ಮೂಲಕ ನೇರ ಅಮೆರಿಕಕ್ಕೆ ಹೋಗುವವರಿಗೆ ಅಮೆರಿಕದ ಅಧಿಕಾರಿಗಳೇ 2014ರಿಂದ ಆ ನಿಲ್ದಾಣದಲ್ಲಿ ಕೂತು ಈ ಕೆಲಸ ಮುಗಿಸುತ್ತಾರೆ. ಹಾಗೆ ಹೋಗುವವರು ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕಾದ್ದು ಅಬುಧಾಬಿಯಲ್ಲಿ.

ಸಾವಿರಾರು ರೂಪಾಯಿ ಉಳಿಯುತ್ತದೆಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿಸುವುದಂತೂ ಬೇಡ. ಒಂದೇ ಪಿಎನ್‌ಆರ್ ಇದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನದಕ್ಕೆ ಹತ್ತಿಸುವ ಹೊಣೆ ಏರ್‌ಲೈನ್‌ನದು. ಬೇರೆ ಬೇರೆ ಇದ್ದರೆ ನಷ್ಟವೆಲ್ಲ ನಿಮ್ಮದು. ಸಾಮಾನು ತೆಗೆದುಕೊಳ್ಳಲು ಹೊರಗೆ ಬರಬೇಕಾಗಿ, ಅದಕ್ಕೆ ವೀಸಾ ಇಲ್ಲದೆ ಪರದಾಡುವುದು ಬೇರೆ.

ತುಮಕೂರು ಜಿಲ್ಲೆಯಲ್ಲಿ ಈಗ ಮಾತೆಲ್ಲ ಹೊಸ ವಿಮಾನ ನಿಲ್ದಾಣದ್ದು: ಶಿರಾಕ್ಕೋ, ಕುಣಿಗಲ್ ರಸ್ತೆಗೋ ಎಂದು. ಮೈಸೂರು, ಹಾಸನ ಬಿಟ್ಟರೆ ದೇವನಹಳ್ಳಿಯ 150 ಕಿ.ಮೀ. ಸುತ್ತ 2033ರವರೆಗೆ ಇನ್ನೊಂದು ಬರುವಂತಿಲ್ಲ ಎಂಬ ಕರಾರಿದೆ. ಬಂದರೂ ಉಳಿಯುವುದು ರಸ್ತೆಯ ಹೊತ್ತು ಮಾತ್ರ.

ಬಿ.ಎಚ್. ರಸ್ತೆಯ ಟ್ರಾವೆಲ್ ಏಜೆಂಟರು ವಯಸ್ಸಾದವರಿಗೆ ಮೂರು ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ತೋರಿಸಲೇಬಾರದು. ಪಾಸ್‌ಪೋರ್ಟ್ ತಪಾಸಣೆಯ ಊರಿನ ಹೆಸರನ್ನು ಟಿಕೆಟ್ ಪ್ರತಿಯ ಮೇಲೆ ಕನ್ನಡದಲ್ಲಿ ಬರೆದುಕೊಡಲಿ. ವೀಲ್‌ಚೇರ್ ಬೇಕೆಂದು ಎರಡು ದಿನ ಮೊದಲೇ ಹೇಳಿಸಲಿ. ಅದಕ್ಕೆ ನಾಚಿಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಇನ್ನು ತಪಾಸಣೆಯ ಸಾಲು ಮುಂದಕ್ಕೆ ಹೋಗದಿದ್ದರೆ ಪಕ್ಕದಲ್ಲಿ ನಿಂತ ಸಿಬ್ಬಂದಿಯನ್ನು ಕೇಳಬಹುದು. ಇಂಗ್ಲಿಷ್ ಬಾರದಿದ್ದರೆ ಬೋರ್ಡಿಂಗ್ ಪಾಸಿನ ಮೇಲಿನ ಸಮಯಕ್ಕೆ ಬೆರಳಿಟ್ಟು ತೋರಿಸಿದರಾಯಿತು.